ಉಪ್ಪುನೀರಿನ ನಾಗಪ್ಪ

ನಮ್ಮ ದೇವರ ಜಗುಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಒಂದು ಉತ್ತತ್ತಿ ಇದೆ ಎಂದು ಮನೆಗೆ ಬಂದವರೆಲ್ಲ ತಿಳಿಯುತ್ತಾರೆ. ಮೊನ್ನೆ ಹುನಗುಂದದಿಂದ ಬಂದಿದ್ದ ನಮ್ಮ ಯಜಮಾನರ ದೊಡ್ಡವ್ವ ಪ್ರಸಾದವೆಂದು ಅದನ್ನು ಎತ್ತಿ ಬಾಯಿಯ ತನಕ ಒಯ್ದಿದ್ದರು. ನಾನು ಓಡಿಹೋಗಿ ಕೈ ಹಿಡಿದೆ.

"ಯವ್ವಾ, ಅದು ಉತ್ತತ್ತಿ ಅಲ್ರಿ. ಚಿಪ್ಪು. ಸಮುದ್ರದ್ದು."

ಅವರು ಅದನ್ನು ಇದ್ದಲ್ಲಿಯೇ ಇಟ್ಟು ಸೆರಗಿಗೆ ಕೈ ಒರೆಸಿಕೊಂಡರು. "ಲಿಂಗದ ಮುಂದ ಸಮುದ್ರದ ಹುಳಾ ಇಟ್ಟಾಕಿನ್ನ ನಿನ್ನೊಬ್ಬಾಕಿನ್ನ ನೋಡಿದೆ ನೋಡವಾ," ಎಂದರು. ಅವರ ಬಾಯಲ್ಲಿ ಉಳಿದಿದ್ದ ನಾಲ್ಕು ಹಲ್ಲಾದರೂ ಉಳಿದುಕೊಂಡವಲ್ಲ, ಸಂಗಮನಾಥನ ದಯೆ ಎಂದುಕೊಂಡೆ.

ಆ ಚಿಪ್ಪು ನಮ್ಮ ಪಕ್ಕದ ಮನೆಯ ಅಕ್ಕೋರದು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳೆಲ್ಲ, ಸಾಲಿಯವರಿರಲಿ ಕಾಲೇಜಿನವರಿರಲಿ, ಅಕ್ಕೋರೇ. ಈ ಆಷಾಢದಲ್ಲಿ ಅವರು ತೀರಿಕೊಂಡರು. ಅವರು ಎಲ್ಲಿ ಓದಿದರು, ಎಷ್ಟು ವರ್ಷ ಪ್ರಾಣಿಶಾಸ್ತ್ರ ಕಲಿಸಿದರು ಎಂಬುದನ್ನೆಲ್ಲ ಕಾಲೇಜಿನವರು ಸಭೆ ಮಾಡಿ ಹೇಳಿದ್ದಾರೆ. ಕಂಪೌಂಡ್ ಗೋಡೆಯ ಈಚೆಯಿಂದ ನನಗೆ ಕಂಡ ಅಕ್ಕೋರು ಬೇರೆ. ಆ ಸಭೆಯಲ್ಲಿ ಅವರನ್ನು 'ಮೃದುಭಾಷಿ' ಎಂದು ಹೊಗಳಿದಾಗ ನಾನು ನಗು ತಡೆಯಲು ಸೆರಗು ಬಾಯಿಗೆ ಹಿಡಿದೆ. ಪಕ್ಕದವರು ನಾನು ಅಳುತ್ತಿದ್ದೇನೆಂದು ಬೆನ್ನು ಸವರಿದರು.

ನವನಗರದ ನಮ್ಮ ಓಣಿಗೆ ನಾವು ಬಂದ ಹೊಸದರಲ್ಲಿ ಹಾಲಿಗೆ ಹೆಪ್ಪು ಹಾಕಲು ಚೂರು ಮೊಸರು ಕೇಳಿಕೊಂಡು ಅವರ ಮನೆಗೆ ಹೋಗಿದ್ದೆ. ಫ್ರಿಜ್ಜು ತೆರೆದರೆ ಮೊಸರಿನ ಪಕ್ಕದ ಡಬ್ಬಿಯಲ್ಲಿ ಹೊಳೆಯ ಕಪ್ಪೆಚಿಪ್ಪು, ಜೀವಂತ. ಕೂಡಲಸಂಗಮದ ನೀರಿನಿಂದ ಹುಡುಗರಿಗೆ ತೋರಿಸಲು ತಂದಿದ್ದರಂತೆ. ಅವರು ಹುನಗುಂದದ ಕಾಲೇಜಿನಲ್ಲಿದ್ದಾಗ ಬಸ್ಸಿನಲ್ಲಿ ಊಟದ ಡಬ್ಬಿ ಎಂದು ಇಂಥದೇ ಡಬ್ಬಿ ತೆರೆದರಂತೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಮುಂದಿನ ಸ್ಟಾಪಿನಲ್ಲಿಯೇ ಇಳಿದುಹೋದಳು ಎಂದು ಅವರೇ ಹೇಳಿದರು. "ಸೀಟ್ ಪೂರಾ ನನಗ ಸಿಕ್ತು," ಎಂದೂ ಸೇರಿಸಿದರು.

ಉಡುವುದು ಯಾವಾಗಲೂ ಇಳಕಲ್ ಸೀರೆ. ವ್ಯಾನಿಟಿ ಬ್ಯಾಗಿನಲ್ಲಿ ಕುಂಕುಮದ ಭರಣಿ ಇರುವ ಜಾಗದಲ್ಲಿ ಒಂದು ಸಣ್ಣ ಸುತ್ತಿಗೆ. ಬನಶಂಕರಿಗೆ ಹೋಗಿ ಬರುವಾಗ ಒಮ್ಮೆ ನಮ್ಮ ಜೊತೆ ಬಾದಾಮಿಯ ಗುಹೆ ನೋಡಲು ಬಂದರು. ಎಲ್ಲರೂ ಗೋಡೆಯ ದೇವರನ್ನು ನೋಡುತ್ತಿದ್ದರೆ ಇವರು ಮೆಟ್ಟಿಲ ಮೇಲೆ ಬಗ್ಗಿ ನೆಲ ನೋಡುತ್ತ ನಿಂತರು. ಹಿಂದೆ ಜನ ಸಾಲುಗಟ್ಟಿದರು. ಕಲ್ಲಿನ ಮೇಲೆ ನೀರಿನ ಅಲೆ ಗಟ್ಟಿಯಾದಂಥ ಗೆರೆಗಳಿದ್ದವು. ನಾನು ಅಂದು ಅವನ್ನು ಮೊದಲ ಸಲ ನೋಡಿದೆ, ಅದೆಷ್ಟು ಸಲ ತುಳಿದಿದ್ದೆನೋ.

"ಅಕ್ಕೋರ, ಇಲ್ಲಿ ಸಮುದ್ರ ಇತ್ತೇನ್ರಿ?"

"ನೀರಂತೂ ಇತ್ತು. ನಮ್ಮ ಬಾಗಲಕೋಟಿ ಸುಣ್ಣದ ಕಲ್ಲಂತೂ ಸಮುದ್ರದ್ದೇ. ಆದ್ರ ಆವಾಗ ಚಿಪ್ಪು ಹುಟ್ಟಿದ್ದಿಲ್ಲ. ಬರೇ ಪಾಚಿ. ನನಗೇನೂ ಉಪಯೋಗ ಇಲ್ಲ," ಎಂದರು. ಕೋಟಿ ಕೋಟಿ ವರ್ಷದ ಹಿಂದಿನ ಸಮುದ್ರ ತಮ್ಮನ್ನು ಕೇಳದೆ ಬಂದು ಹೋಯಿತೆಂಬ ಸಿಟ್ಟು ಆ ಮಾತಿನಲ್ಲಿತ್ತು.

ಅವರ ಪ್ರಾಣ ಇದ್ದದ್ದು ಕಲ್ಲು ಕೊರೆಯುವ ಚಿಪ್ಪಿನಲ್ಲಿ. ವಯಸ್ಸಿನಲ್ಲಿ ಕಾಲೇಜಿನಿಂದ ರಜೆ ಪಡೆದು ಕಾರವಾರದ ಕಡೆ ಸಮುದ್ರದ ದಂಡೆಯಲ್ಲಿ ಅದನ್ನೇ ಅಭ್ಯಾಸ ಮಾಡಿದವರು. ಅದು ಹೇಗೆ ಬೆಳೆಯುತ್ತದೆ, ಯಾವ ಕಾಲಕ್ಕೆ ಮರಿ ಮಾಡುತ್ತದೆ ಎಂಬುದೇ ಅವರ ಪ್ರಬಂಧದ ವಿಷಯ. ನಾನು ಎಸ್ಸೆಸ್ಸೆಲ್ಸಿ. ಆದರೂ ಅವಲಕ್ಕಿ ಆರಿಸುತ್ತ ಅವರ ಕಟ್ಟೆಯ ಮೇಲೆ ಕೂತು ಪ್ರಶ್ನೆ ಕೇಳಲು ನನಗೆ ಎಂದೂ ಅಡ್ಡಿಯಾಗಲಿಲ್ಲ.

"ಅದಕ್ಕ ಹಲ್ಲು ಅದಾವೇನ್ರಿ, ಕಲ್ಲು ಕೊರೀತೈತಿ ಅಂತೀರಿ?"

"ಇಲ್ಲ. ಹುಳಿ ಬಿಡ್ತೈತಿ. ಹುಳಿಗೆ ಸುಣ್ಣ ಕರಗ್ತೈತಿ. ನಿಮ್ಮತ್ತಿ ಎಲಿ ಅಡಕಿ ಸುಣ್ಣದ ಡಬ್ಬಿಗೆ ನಿಂಬಿಹಣ್ಣು ಹಿಂಡಿ ನೋಡು."

ನಾನು ಹಿಂಡಿ ನೋಡಿದೆ. ಬುರುಬುರು ನೊರೆ ಬಂತು. ಅತ್ತೆ ಎರಡು ದಿನ ಮಾತು ಬಿಟ್ಟರು.

ರವೆಯ ಕಾಳಿನಷ್ಟು ಇರುವಾಗ ಅದು ಕಲ್ಲಿನ ಮೇಲೆ ಬಂದು ಕೂರುತ್ತದಂತೆ. ತನ್ನಷ್ಟೇ ಒಂದು ಕುಳಿ ಕರಗಿಸಿಕೊಳ್ಳುತ್ತದೆ. ಮೈ ಬೆಳೆದಂತೆ ಒಳಗೆ ಕೋಣೆ ಬೆಳೆಸುತ್ತದೆ. ಬಾಗಿಲು ಮಾತ್ರ ಸಣ್ಣದೇ. ಮುಂದೆಂದೂ ಅದು ಹೊರಗೆ ಬರುವಂತಿಲ್ಲ. "ಹೆಣ್ಣುಮಕ್ಕಳ ಬಾಳೇವೂ ಹಂಗ ಅಲ್ರೀ ಅಕ್ಕೋರ," ಎಂದೆ.

"ನಿನಗ ಬದನಿಕಾಯಿ ನೋಡಿದ್ರೂ ಹೆಣ್ಣುಮಕ್ಕಳ ಬಾಳೇ ಕಾಣ್ತೈತಿ," ಎಂದರು ಅಕ್ಕೋರು. "ಅದೇನ ನಿನ್ನ ಮುಂದ ಗೋಳಾಡೇತೇನು? ಬಾಡಿಗಿ ಇಲ್ಲ, ಅತ್ತಿ ಇಲ್ಲ, ಉಣ್ಣೂದು ನೀರಿನ ಜೋಡಿ ಬಾಗಲಕ್ಕ ಬರ್ತೈತಿ. ನಿನಗಿಂತ ಆರಾಮ ಐತಿ."

ಮತ್ತೊಂದು ದಿನ ನಾನು ನಾಚಿಕೆ ಬಿಟ್ಟು ಕೇಳಿದೆ: "ಒಂದೊಂದು ಒಂದೊಂದು ಕ್ವಾಣ್ಯಾಗ ಇದ್ರ ಗಂಡು ಹೆಣ್ಣು ಕೂಡೂದು ಹೆಂಗ್ರಿ?"

"ಕೂಡೂದಿಲ್ಲ. ಅವು ನೀರಾಗ ಬಿಡ್ತಾವ, ಇವು ನೀರಾಗ ಬಿಡ್ತಾವ. ನೀರ ಕೂಡಸ್ತೈತಿ. ಆದ್ರ ಎಲ್ಲಾವೂ ಒಂದ ಹೊತ್ತಿಗೆ ಬಿಡಬೇಕು. ಇಲ್ಲಂದ್ರ ದಂಡ."

"ಹೊತ್ತು ಅವಕ್ಕ ಯಾರ ಹೇಳ್ತಾರ?"

ಅಕ್ಕೋರು ಅವಲಕ್ಕಿಯಲ್ಲಿದ್ದ ಒಂದು ಭತ್ತ ಎತ್ತಿ ಎಸೆದರು. "ಅದ ನನ್ನ ಪ್ರಶ್ನಿ ಆಗಿತ್ತು."

"ಸಂಗಮನಾಥ ಹೇಳ್ತಾನ್ರಿ."

"ಅವನ ಫೋನ್ ನಂಬರ್ ಕೊಡು. ಕೇಳಿಬಿಡ್ತೇನಿ."

ಇದರ ಹಿಂದೆ ಒಂದು ಜಗಳವಿತ್ತು. ಅವರ ಗೈಡ್ ಸರ್, ಅಂದರೆ ಪ್ರಬಂಧಕ್ಕೆ ದಾರಿ ತೋರಿಸುತ್ತಿದ್ದ ಹಿರಿಯರು, ಆ ಚಿಪ್ಪು ವರ್ಷಕ್ಕೆ ಒಮ್ಮೆ ಮಾತ್ರ, ಮಳೆಗಾಲಕ್ಕೆ ಮೊದಲು ಮರಿ ಮಾಡುತ್ತದೆ ಎನ್ನುತ್ತಿದ್ದರು. ಅಕ್ಕೋರು ಎರಡು ಸಲ ಎನ್ನುತ್ತಿದ್ದರು: ಮಳೆಗೆ ಮೊದಲೊಮ್ಮೆ, ಮಳೆ ತಗ್ಗಿದ ಮೇಲೆ ಇನ್ನೊಮ್ಮೆ. ಸರಿಯೋ ತಪ್ಪೋ ತಿಳಿಯಲು ತಿಂಗಳು ತಿಂಗಳೂ ಕಲ್ಲು ತಂದು ಒಡೆದು, ಒಳಗಿನ ಚಿಪ್ಪು ತತ್ತಿ ಹಿಡಿದಿದೆಯೋ ಇಲ್ಲವೋ ನೋಡಬೇಕು. ಆಷಾಢದ ತನಕ ನೋಡಿದರು. ಶ್ರಾವಣಕ್ಕೆ ಮನೆಯಿಂದ ಕರೆ ಬಂತು. ಹಳೆ ಬಾಗಲಕೋಟೆಯ ಅವರ ಮನೆ ಮುಳುಗಡೆಯಲ್ಲಿತ್ತು. ಡ್ಯಾಮಿನ ಹಿನ್ನೀರು ಏರುತ್ತಿತ್ತು, ತಾಯಿ ಹಾಸಿಗೆ ಹಿಡಿದಿದ್ದರು, ಸಾಮಾನು ಸಾಗಿಸಲು ಇವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಆಮೇಲೆ ರಜೆ ಮುಗಿಯಿತು, ಇಳಕಲ್ಲಿಗೆ ವರ್ಗವಾಯಿತು, ಪ್ರಬಂಧ ಅಲ್ಲಿಗೇ ನಿಂತಿತು. "ನಾ ನೀರಿನ ಹತ್ರ ಇದ್ದೆ. ನೀರು ನಮ್ಮ ಮನಿಗೆ ಬಂತು ಅಂತ ಮನಿಗೆ ಬಂದೆ," ಎಂದು ನಗುತ್ತಿದ್ದರು.

ಬರುವಾಗ ಒಡೆಯದೆ ಉಳಿದಿದ್ದ ಒಂದು ಕಲ್ಲನ್ನು ಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿದ್ದರು. ಕಂಡಕ್ಟರು ಚೀಲ ಎತ್ತಿ ನೋಡಿ, "ಏನ್ರೀ ಅಕ್ಕೋರ ಇದು?" ಎಂದನಂತೆ. "ಕಲ್ಲು." "ಯಾವೂರಿಗ್ರಿ?" "ಬಾಗಲಕೋಟಿಗೆ." ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲಿ ಮುಗದಾವೇನ್ರಿ?" ಎಂದನಂತೆ.

ಆ ಕಲ್ಲು ಅವರು ಹೋದ ಹೋದ ಕಾಲೇಜಿನ ಕಪಾಟಿನಲ್ಲಿ ಕೂತು ಅವರ ಜೊತೆಗೇ ನಿವೃತ್ತಿಯಾಗಿ ಮನೆಗೆ ಬಂತು. ತುಂಬಿದ ಕೊಡದಷ್ಟು ಭಾರ, ಮೈತುಂಬ ಸಣ್ಣ ತೂತು. "ಇಷ್ಟು ವರ್ಷ ಯಾಕ ಒಡೀಲಿಲ್ರಿ? ತತ್ತಿ ಒಣಗಿ ಹೋಗಿರಬೇಕಲ್ಲ ಈಗ?" ಎಂದು ಕೇಳಿದೆ.

"ತತ್ತಿ ಹೋಗೇತಿ. ಚಿಪ್ಪಿನ ಮ್ಯಾಲೆ ಗೆರಿ ಇರ್ತಾವ." ನನ್ನ ಸೆರಗು ಹಿಡಿದೆಳೆದು ಅಂಚಿನ ಇಳಕಲ್ ದಡಿಯ ಮೇಲೆ ಬೆರಳಿಟ್ಟು ತೋರಿಸಿದರು. "ಇದು ದಪ್ಪ ಗೆರಿ. ಮಳಿಗಾಲದಾಗ ಸಮುದ್ರಕ್ಕ ಸಿಹಿನೀರು ಬರ್ತೈತಿ, ಅದು ಬೆಳಿಯೂದು ನಿಲ್ಲಸ್ತೈತಿ, ದಪ್ಪ ಗೆರಿ ಬೀಳ್ತೈತಿ. ಅಂದ್ರ ಒಂದು ವರ್ಷ. ತತ್ತಿ ಬಿಟ್ಟಾಗ ದಣದಿರ್ತೈತಿ, ಆವಾಗ ಸಣ್ಣ ಗೆರಿ. ಎರಡು ದಪ್ಪ ಗೆರಿ ನಡುವ ಸಣ್ಣ ಗೆರಿ ಒಂದಿದ್ರ ಸರ್ ಖರೆ. ಎರಡಿದ್ರ ನಾ ಖರೆ."

"ಮತ್ತ ಒಡೀರಲ್ಲ."

ಅವರು ನನ್ನ ಸೆರಗು ಬಿಟ್ಟು, ಅದನ್ನು ನೇವರಿಸಿ ಸರಿಮಾಡಿದರು. "ಒಡದ್ರ ಒಂದ ಇದ್ದೀತು ಅಂತ."

ಗಟ್ಟಿ ಮಾತಿನ ಅಕ್ಕೋರು ಅಂಜಿದ್ದು ನಾನು ನೋಡಿದ್ದು ಆಗಲೇ. ಆದರೆ ನಿವೃತ್ತಿಯಾದ ವರ್ಷ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ದವಾಖಾನೆಯಲ್ಲಿ ಔಷಧ ಕೊಟ್ಟು, ನೋಟ ಬರಬರುತ್ತ ಕಡಿಮೆಯಾಗುತ್ತದೆ ಎಂದರು. ಗೆರೆ ನೋಡುವುದಾದರೆ ಬೇಗ ನೋಡಬೇಕು. ಸುತ್ತಿಗೆಯಲ್ಲಿ ಬಡಿದರೆ ಚಿಪ್ಪು ಪುಡಿಯಾದೀತೆಂದು ಬಾದಾಮಿ ಕಡೆಯ ಒಬ್ಬ ಕಲ್ಲುಕುಟಿಗನಿಗೆ ಬರಹೇಳಿದರು. ಕಲ್ಲನ್ನು ತೊಳೆದು ಗೇಟಿನ ಹೊರಗೆ ಬೇವಿನ ಗಿಡದ ಬುಡದಲ್ಲಿ ಇಡಿಸಿದರು. ದೇವರು ದಿಂಡರ ಕ್ಯಾಲೆಂಡರು ನೋಡುವ ಅಭ್ಯಾಸವಿಲ್ಲದ ಅಕ್ಕೋರು ಅವನನ್ನು ಕರೆದದ್ದು ನಾಗರ ಪಂಚಮಿಯ ದಿನ.

ಆ ದಿನ ನಮ್ಮಲ್ಲಿ ನೆಲ ಅಗೆಯುವುದಿಲ್ಲ, ಕಾಯಿಪಲ್ಯೆ ಹೆಚ್ಚುವುದಿಲ್ಲ, ಕಲ್ಲುಕುಟಿಗ ಉಳಿ ಮುಟ್ಟುತ್ತಾನೆಯೆ? ಅವನು ಬರಲಿಲ್ಲ. ಬಂದದ್ದು ಓಣಿಯ ಹೆಣ್ಣುಮಕ್ಕಳು. ನವನಗರದ ಆ ಸೆಕ್ಟರಿನಲ್ಲಿ ಹುತ್ತ ಹುಡುಕಲು ಹೊಲದ ತನಕ ಹೋಗಬೇಕು. ಇಲ್ಲಿ ನೋಡಿದರೆ ಬೇವಿನ ಬುಡದಲ್ಲಿ ತೊಳೆದಿಟ್ಟ ಕಲ್ಲು, ತೂತು ತೂತು. ಎದುರು ಮನೆಯ ಸವಿತಾಳ ಅತ್ತೆ ಎಲ್ಲರಿಗಿಂತ ಮೊದಲು ಅರಿಸಿನ ಹಚ್ಚಿ, "ನಾಗಪ್ಪ ತಾನ ಓಣಿಗೆ ಬಂದಾನ ನೋಡ್ರೆ," ಎಂದರು. ಅಕ್ಕೋರು ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ನಾಗಪ್ಪನ ಪ್ರತಿ ತೂತಿಗೂ ಹಾಲು ಬಿದ್ದಿತ್ತು, ಮೇಲೆ ಶೇಂಗಾದುಂಡಿ, ಅಳ್ಳಿಟ್ಟು. ನಾನೂ ಒಂದು ಚಮಚ ಹಾಕಿದ್ದೆ. ಒಳಗಿರುವುದು ಏನೆಂದು ಗೊತ್ತಿದ್ದೂ ಹಾಕಿದೆ. ಹಬ್ಬದ ದಿನ ಎಲ್ಲರೂ ಹಾಲೆರೆಯುವಾಗ ಕೈ ಕಟ್ಟಿ ನಿಲ್ಲುವುದು ನನ್ನಿಂದಾಗದು.

ಅಕ್ಕೋರು ಎಲ್ಲರನ್ನೂ ಬೈದು ಓಡಿಸುತ್ತಾರೆಂದುಕೊಂಡೆ. ಅವರು ಗೇಟಿನ ಹತ್ತಿರವೇ ನಿಂತುಬಿಟ್ಟರು. ಕಲ್ಲಿನ ಮುಂದೆ ಸವಿತಾ ಮೊಣಕಾಲೂರಿ ಕೂತು ಕಣ್ಣು ಮುಚ್ಚಿದ್ದಳು. ಅವಳಿಗೆ ಎರಡು ಸಲ ಬಸುರು ನಿಂತು ಇಳಿದುಹೋಗಿತ್ತು. ಮೂರನೆಯದು ನಿಂತಿದೆಯೆಂದು ನನಗೊಬ್ಬಳಿಗೆ ಹೇಳಿದ್ದಳು. ಅಕ್ಕೋರಿಗೆ ನಾನು ಹೇಳಿದ್ದೆ, ನನ್ನ ಬಾಯಿ ಅಂಥದು. ಕಣ್ಣು ತೆರೆದು ಸವಿತಾ ಹೇಳಿದಳು: "ಅಕ್ಕೋರ, ನಿಮ್ಮ ನಾಗಪ್ಪಗ ಹರಕಿ ಹೊತ್ತೇನ್ರಿ. ಕೂಸಿನ್ನ ತಂದು ಇವನ ಮುಂದ ಮಲಗಸ್ತೇನಿ."

ಅಂದು ಸಂಜೆ ಅಕ್ಕೋರು ನಮ್ಮ ಅಡುಗೆಮನೆಗೆ ಬಂದು ಕೂತರು. "ಹಾಲು ಹುಳೀತೈತಿ. ಹುಳಿ ಆದ್ರ ಚಿಪ್ಪು ತಿಂತೈತಿ. ನನ್ನ ಗೆರಿ ಹೋಗ್ತಾವ."

"ಮತ್ತ ಕಲ್ಲು ಒಳಗ ತಗೊಂಡು ಹೋಗ್ರಿ. ಒಡಸ್ರಿ ನಾಳೆ."

"ಆ ಹುಡಿಗಿಗೆ ಏನರ ಆದ್ರ? ಕಲ್ಲು ಒಡದಿದ್ದಕ್ಕ ಆತು ಅಂತ ತಿಳಕೋತಾಳ. ನಾ ಸಾಯೂತನಕ ನೆನಸ್ತಾಳ."

"ನೀವು ದೇವರ ನಂಬೂದಿಲ್ಲಲ್ರಿ?"

"ಆಕಿ ನಂಬತಾಳಲ್ಲ," ಎಂದು ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡರು. ಸಕ್ಕರೆ ಕಾಯಿಲೆ ನೆನಪಿಸಿದರೆ, "ಪಂಚಮಿ ದಿನ ಲೆಕ್ಕಕ್ಕಿಲ್ಲ," ಎಂದರು. ಹಬ್ಬ ಅವರಿಗೆ ಅಷ್ಟರಮಟ್ಟಿಗೆ ಒಪ್ಪಿಗೆಯಿತ್ತು.

ಮರುದಿನ ಅವರು ಸವಿತಾಳನ್ನು ಕರೆದು ಬಲು ಗಂಭೀರವಾಗಿ ಹೇಳಿದರು. ಈ ನಾಗಪ್ಪ ಸಮುದ್ರದಿಂದ ಬಂದವನು, ಹಾಲು ಮೊಸರು ನಿಂಬೆ ಆಗಿಬರುವುದಿಲ್ಲ, ಇವನಿಗೆ ಉಪ್ಪುನೀರೇ ಅಭಿಷೇಕ. ಸೋಮವಾರಕ್ಕೊಮ್ಮೆ ಸಾಕು. ಸವಿತಾ ಚಾಚೂ ತಪ್ಪದೆ ಮಾಡಿದಳು. ನೋಡನೋಡುತ್ತ ಓಣಿಯವರೆಲ್ಲ ತಂಬಿಗೆಯಲ್ಲಿ ಉಪ್ಪುನೀರು ತಂದರು. ಬೇರೆ ಸೆಕ್ಟರಿನಿಂದಲೂ ಬಂದರು. ಒಬ್ಬರು ಇದು ಎಷ್ಟು ಹಳೆಯ ಪದ್ಧತಿ ಎಂದು ಅಕ್ಕೋರನ್ನೇ ಕೇಳಿದರು. "ಭಾಳ ಹಳೇದು," ಎಂದರು ಅಕ್ಕೋರು, ಕಣ್ಣು ಕೂಡ ಮಿಟುಕಿಸದೆ. ಬೇವಿನ ಬುಡದ ಹುಲ್ಲು ಸುಟ್ಟುಹೋಯಿತು. ಅಕ್ಕೋರಿಗೆ ನಾನು, "ದೇವರಿಲ್ಲ ಅನ್ನಾವ್ರು ಒಂದು ದೇವರ್ನ ಮಾಡಿ, ಪೂಜಾರಿನೂ ಆದ್ರಿ," ಎಂದು ಕಾಡುತ್ತಿದ್ದೆ. ಅವರು, "ದಕ್ಷಿಣಿ ಬರೂದಿಲ್ಲ, ಅದೊಂದ ಕೊರತಿ," ಎನ್ನುತ್ತಿದ್ದರು.

ಹೀಗೆ ಕಾಯುತ್ತ ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಅಕ್ಕೋರು ಪೇಪರಿನ ದಪ್ಪ ಅಕ್ಷರ ಮಾತ್ರ ಓದುವಂತಾದರು. ಆಮೇಲೆ ಅದನ್ನೂ ನನ್ನ ಕೈಗೆ ಕೊಟ್ಟರು. ಸಾರಿಗೆ ಉಪ್ಪೆಂದು ಸೋಡಾ ಹಾಕಿ, "ನೊರಿ ಬಂತು ನೋಡು, ಪ್ರಯೋಗ ಸರಿ ಐತಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸವಿತಾ ತವರಿಗೆ ಹೋದಳು. ಶಿವರಾತ್ರಿ ಕಳೆದ ಮೇಲೆ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗಳು ಇಬ್ಬರೂ ಆರಾಮ. ಆ ಸುದ್ದಿ ಬಂದ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅಕ್ಕೋರು ಒಂದು ಕಿಲೋ ಉತ್ತತ್ತಿ ತರಿಸಿ ಬಾಣಂತಿಗೆ ಕಳಿಸಿಕೊಟ್ಟರು. ಕಲ್ಲು ಒಡೆಸುವ ಮಾತು ಎತ್ತಲಿಲ್ಲ. ಹರಕೆ ಇನ್ನೂ ಬಾಕಿ ಇತ್ತಲ್ಲ.

ಕೂಸಿಗೆ ಐದು ತಿಂಗಳಾದಾಗ ಸವಿತಾ ತೊಟ್ಟಿಲ ಸಮೇತ ಬಂದಳು. ಕೂಸನ್ನು ಕಲ್ಲಿನ ಮುಂದೆ ಕಂಬಳಿಯ ಮೇಲೆ ಮಲಗಿಸಿದಳು. ಅದು ನಾಗಪ್ಪನನ್ನು ನೋಡದೆ ಬೇವಿನ ಎಲೆ ನೋಡಿ ನಕ್ಕಿತು. ಎಲ್ಲ ಮುಗಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಸವಿತಾಳ ಅತ್ತೆ ಹೇಳಿದರು: "ಪಂಚಮಿಯೊಳಗ ಇಲ್ಲೊಂದು ಗುಡಿ ಕಟ್ಟಸೂದ್ರಿ. ಗೌಂಡಿಗೆ ಹೇಳೇನಿ. ನಾಗಪ್ಪನ್ನ ಸಿಮೆಂಟಿನಾಗ ಗಟ್ಟಿ ಕೂಡಸ್ತಾನ. ಯಾರೂ ಕೀಳಾಕ ಬರಬಾರದು."

ಅಕ್ಕೋರು ಗೋಡೆ ಹಿಡಿದು ನಿಂತಿದ್ದರು. ನನ್ನನ್ನು ಹುಡುಕಿ ತಿರುಗಿದರು, ಆದರೆ ನಾನು ನಿಂತ ಕಡೆಗಲ್ಲ. ಅವರಿಗೆ ನಾನು ಕಾಣಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸವಿತಾಳಿಗೆ ಅಲ್ಲಿಯೇ ಎಲ್ಲ ಹೇಳಿದೆ: ಕಲ್ಲು ಎಲ್ಲಿಯದು, ಒಳಗೇನಿದೆ, ಯಾತಕ್ಕೆ ಉಪ್ಪುನೀರು, ಯಾರಿಗಾಗಿ ಅಕ್ಕೋರು ಒಂದು ವರ್ಷ ಕಣ್ಣು ಕಳೆದುಕೊಳ್ಳುತ್ತ ಕೂತರು.

ಅವಳ ಅತ್ತೆ, "ಹೂಂ, ಹುಳಕ್ಕ ನಾವು ಕೈ ಮುಗದೇವೇನು ಹಂಗಾದ್ರ?" ಎಂದು ಮುಖ ಊದಿಸಿದರು. ಸವಿತಾ ಮಾತ್ರ ಕಲ್ಲಿನ ತೂತಿನೊಳಗೆ ಬಗ್ಗಿ ನೋಡಿದಳು.

"ಒಳಗ ಐತೇನ್ರಿ ಅದು, ಈಗೂ?"

"ಐತಿ," ಎಂದರು ಅಕ್ಕೋರು. "ಸತ್ತು ಭಾಳ ವರ್ಷ ಆತು. ಚಿಪ್ಪ ಐತಿ."

"ಹೆಣ್ಣೇನ್ರಿ?"

"ಚಿಪ್ಪು ನೋಡಿ ಹೇಳಾಕ ಬರೂದಿಲ್ಲ. ಇರಬಹುದು."

ಸವಿತಾ ಕೂಸನ್ನೆತ್ತಿ ಹೆಗಲಿಗೆ ಹಾಕಿಕೊಂಡಳು. "ನಂದು ಹೊರಗ ಬಂತಲ್ರೀ ಅಕ್ಕೋರ. ಅದನ್ನೂ ಹೊರಗ ತಗೀರಿ." ಅತ್ತೆಯತ್ತ ತಿರುಗಿ, "ಹರಕಿ ನಂದು, ಮುಟ್ಟೇತಿ," ಎಂದಳು. ಅತ್ತೆಗೆ ಎದುರು ಮಾತಾಡಿದ್ದು ಅವಳು ಅದೇ ಮೊದಲು.

ಕಲ್ಲುಕುಟಿಗ ಬಂದ. ಅರಿಸಿನ ಕುಂಕುಮ ನೋಡಿ ಮೊದಲು ನಮಸ್ಕಾರ ಮಾಡಿದ, ಆಮೇಲೆ ಉಳಿ ಇಟ್ಟ. ಕಲ್ಲು ರೊಟ್ಟಿಯಂತೆ ಸೀಳಿತು. ಒಳಗಿನ ಕೋಣೆಯಲ್ಲಿ ಕಂದು ಬಣ್ಣದ ಉತ್ತತ್ತಿಯಂಥ ಚಿಪ್ಪು, ಬಾಗಿಲು ಮುಚ್ಚಿಕೊಂಡು ಕೂತಿತ್ತು. ಸುತ್ತಲಿನವೆಲ್ಲ ಸವೆದಿದ್ದವು, ಮೊದಲ ದಿನದ ಹಾಲಿನದೋ ಏನೋ. ಇದೊಂದು ಪೂರ್ತಿ ಉಳಿದಿತ್ತು. ಉಪ್ಪುನೀರು ಅಷ್ಟು ಉಳಿಸಿದ್ದೂ ದೊಡ್ಡದೇ.

ಅಕ್ಕೋರು ಅದನ್ನು ಒದ್ದೆ ಮಾಡಿ, ಬಿಸಿಲಿಗೆ ಹಿಡಿದು, ಕಣ್ಣಿಗೆ ತೀರ ಹತ್ತಿರ ಒಯ್ದು ನೋಡಿದರು. ಬೂದುಗನ್ನಡಿ ಹಿಡಿದು ಹೊರಳಿಸಿ ನೋಡಿದರು. ಆಮೇಲೆ ಚಿಪ್ಪನ್ನೂ ಬೂದುಗನ್ನಡಿಯನ್ನೂ ನನ್ನ ಕೈಗಿಟ್ಟು, "ನೀ ನೋಡು," ಎಂದರು.

ಚಿಪ್ಪನ್ನು ಬಿಸಿಲಿಗೆ ಹಿಡಿದೆ. ದಪ್ಪ ಗೆರೆ ಕಂಡಿತು. ಮುಂದಿನ ದಪ್ಪ ಗೆರೆ ಕಂಡಿತು. ನಡುವೆ ಇಳಕಲ್ ದಡಿಯ ನೂಲಿನಷ್ಟು ಸಣ್ಣವು.

"ಎರಡು ಅದಾವ್ರಿ."

"ನನ್ನ ಸಮಾಧಾನಕ್ಕ ಹೇಳಾಕತ್ತಿಯೇನು?"

"ಇಲ್ರಿ. ಸಂಗಮನಾಥನ ಆಣಿ."

"ಆಣಿ ಬ್ಯಾಡ. ಇನ್ನೊಮ್ಮೆ ನೋಡು. ಅರ್ಧ ಕಂಡ್ರ ಕಂಡೇತಿ ಅನಬ್ಯಾಡ."

ಇನ್ನೊಮ್ಮೆ ನೋಡಿದೆ. ಅದರ ಪಕ್ಕದ ವರ್ಷವನ್ನೂ ನೋಡಿದೆ. ಒಂದು ವರ್ಷದ್ದು ಮಸಕು, ಕಾಣುವುದಿಲ್ಲ ಎಂದೆ. ಅದಕ್ಕೆ ಅವರು ಸಮಾಧಾನದಿಂದ ತಲೆಯಾಡಿಸಿದರು, ಇವಳು ಸುಳ್ಳು ಹೇಳುತ್ತಿಲ್ಲ ಎಂಬಂತೆ. ಉಳಿದವುಗಳಲ್ಲೆಲ್ಲ ಎರಡೆರಡು.

ಅಕ್ಕೋರು ಕಟ್ಟೆಯ ಮೇಲೆ ಕೂತರು. "ಒಂದ ಚಿಪ್ಪಿನಿಂದ ಏನೂ ಸಿದ್ಧ ಆಗೂದಿಲ್ಲ," ಎಂದರು. ಆಮೇಲೆ, "ಸರ್ ತೀರಿಕೊಂಡೂ ಭಾಳ ವರ್ಷ ಆತು. ಈಗ ಯಾರ ಜೋಡಿ ಜಗಳ ಆಡ್ಲಿ?" ಎಂದರು. ನಾನು ಚಹಕ್ಕೆ ಇಟ್ಟೆ.

ಭಿನ್ನವಾದ ದೇವರನ್ನು ಓಣಿಯಲ್ಲಿ ಇಡಬಾರದೆಂದು ಸವಿತಾಳ ಅತ್ತೆ ಪಟ್ಟು ಹಿಡಿದರು. ಎಲ್ಲರೂ ಒಂದು ಟಂಟಂ ಗಾಡಿ ಮಾಡಿಕೊಂಡು ಕೂಡಲಸಂಗಮಕ್ಕೆ ಹೋಗಿ ಕಲ್ಲಿನ ಹೋಳುಗಳನ್ನು ನೀರಿಗೆ ಬಿಟ್ಟೆವು. ಅಕ್ಕೋರು ಸವಿತಾಳ ತೋಳು ಹಿಡಿದು ಮೆಟ್ಟಿಲ ಮೇಲೆ ನಿಂತು ಆ ಸಪ್ಪಳ ಕೇಳಿದರು. "ಅದು ಪಡುವಣ ಸಮುದ್ರದ್ದು. ಕೃಷ್ಣಾ ಮೂಡಣಕ್ಕ ಹೊಂಟಾಳ. ನೀವು ನಾಗಪ್ಪನ್ನ ತಪ್ಪು ಬಸ್ ಹತ್ತಿಸಿದ್ರಿ," ಎಂದರು. ಸವಿತಾಳ ಅತ್ತೆಯೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು.

ಚಿಪ್ಪು ನನ್ನಲ್ಲಿಯೇ ಉಳಿಯಿತು. ಕೊಡಲು ಹೋದರೆ, "ನನ್ನ ಹತ್ರ ಇಟ್ಟು ಏನ್ ಮಾಡ್ಲಿ? ನೀ ನೋಡ್ತಿರು," ಎಂದಿದ್ದರು. ಆಮೇಲಿನ ಒಂದು ವರ್ಷ ಅವರು ಗೋಡೆಯಾಚೆಯಿಂದ ಆಗಾಗ ಕೂಗಿ ಕೇಳುತ್ತಿದ್ದರು, "ಎಷ್ಟು ಅದಾವ?" ಎಂದು. ನಾನು ಒಗ್ಗರಣೆ ಬಿಟ್ಟು ಹೋಗಿ ನೋಡಿ ಹೇಳಬೇಕು. ನೋಡದೆ ಹೇಳಿದರೆ ಅದು ಹೇಗೋ ಅವರಿಗೆ ತಿಳಿಯುತ್ತಿತ್ತು.

ಈಗ ದಿನಾ ಪೂಜೆ ಮುಗಿದ ಮೇಲೆ, ಕಿಟಕಿಯ ಬಿಸಿಲು ಜಗುಲಿಗೆ ಬಂದಾಗ, ಬೂದುಗನ್ನಡಿ ಹಿಡಿದು ಒಮ್ಮೆ ನೋಡುತ್ತೇನೆ. ಯಜಮಾನರು ಪೇಪರಿನಿಂದ ತಲೆ ಎತ್ತಿ, "ಇವತ್ತರ ಹೆಚ್ಚಾಗ್ಯಾವೇನು?" ಎಂದು ನಗುತ್ತಾರೆ.

"ಎರಡ ಅದಾವ್ರೀ ಅಕ್ಕೋರ," ಎನ್ನುತ್ತೇನೆ, ಗೋಡೆಯ ಕಡೆಗೆ. ಆಮೇಲೆ ಇನ್ನೊಮ್ಮೆ ನೋಡುತ್ತೇನೆ.